ನಾಗರಹಾವು ಮತ್ತು ಓಕೆ ಬಟನ್

ನಮ್ಮ ಫೀಲ್ಡಿನಲ್ಲಿ ಒಂದು ಹಳೇ ಜೋಕಿದೆ. ಸಿಸ್ಟಮ್ಮಿನ ಅತಿ ದೊಡ್ಡ ಬಗ್ ಅಂದ್ರೆ ಅದರ ಮುಂದೆ ಕೂತಿರೋ ಯೂಸರ್ ಅಂತ. ಎಷ್ಟು ಎಚ್ಚರಿಸಿದರೂ ಓದದೆ ಓಕೆ ಒತ್ತುತ್ತಾನಲ್ಲ, ಅದಕ್ಕೆ. ನನಗೆ ಈ ಜೋಕಿಗೆ ನಗು ಬರೋದಿಲ್ಲ. ಯಾಕಂದ್ರೆ ಆ ಯೂಸರ್ ನಮ್ಮಪ್ಪ.

ಮೊನ್ನೆ ಅಪ್ಪನ ವಾಟ್ಸಾಪಿಗೆ ಒಂದು ಲಗ್ನಪತ್ರಿಕೆ ಬಂತು. ಹೆಸರು ಲಗ್ನಪತ್ರಿಕೆ, ಫೈಲು ಎಪಿಕೆ, ಅಂದ್ರೆ ಆ್ಯಪ್. ಇಂಥವು ಫೋನಿಗೆ ಹೊಕ್ಕರೆ ಎಸ್ಸೆಮ್ಮೆಸ್ ಓದಿ ಓಟಿಪಿ ಕದಿಯುತ್ತವೆ. ಡೈರಿಗೆ ಹಾಲು ಹಾಕಿದ ದುಡ್ಡೆಲ್ಲ ಬೀಳೋದು ಅದೇ ನಂಬರಿನ ಖಾತೆಗೆ. ಪುಣ್ಯಕ್ಕೆ ಅಪ್ಪ ಮೊದಲು ನನಗೆ ಫೋನ್ ಮಾಡಿದ. "ಏನೋ ಕೇಳ್ತಾ ಐತೆ ಕಣ್ ಮಗ. ಸೋರ್ಸ್ ಅಂತೆ, ಸೆಟ್ಟಿಂಗ್ಸ್ ಅಂತೆ. ಯಾವ್ದು ಒತ್ಲಿ?"

ಈ ಮೂಲದಿಂದ ಆ್ಯಪ್ ಹಾಕಲು ಅನುಮತಿ ಇಲ್ಲ, ಬೇಕಿದ್ದರೆ ಸೆಟ್ಟಿಂಗ್ಸಿನಲ್ಲಿ ಬದಲಾಯಿಸಿ ಅಂತ ಅದರಲ್ಲಿತ್ತು. ಅಪಾಯ ಏನು ಅನ್ನೋದೇ ಇಲ್ಲ. ಬಾಗಿಲು ತೆಗೆಯೋದು ಹೇಗೆ ಅನ್ನೋದು ಮಾತ್ರ ಇದೆ!

ನಮ್ಮೂರಲ್ಲಿ ಎಚ್ಚರಿಕೆ ಹೇಳೋ ರೀತಿಯೇ ಬೇರೆ. "ಬದಿನ ಮೇಲೆ ನಾಗರ ಐತೆ, ತೋಪಿನ ಕಡೆಯಿಂದ ಬಳಸ್ಕೊಂಡು ಹೋಗು." ಏನಿದೆ, ಎಲ್ಲಿದೆ, ಏನು ಮಾಡಬೇಕು, ಮೂರೂ ಒಂದೇ ಮಾತಿನಲ್ಲಿ ಬಂತು. "ಅಪರಿಚಿತ ಸರೀಸೃಪ ಇರಬಹುದು, ಮುಂದುವರಿಯುವಿರಾ?" ಅಂತ ಯಾರೂ ಕೇಳೋದಿಲ್ಲ.

ಇನ್ನೊಂದು ವಿಷಯ, ದಿನಾ ಹಾವು ಅಂತ ಕೂಗಿದರೆ ಯಾರೂ ತಿರುಗಿ ನೋಡಲ್ಲ. 2007ರ ವಿಂಡೋಸ್ ವಿಸ್ಟಾ ಮಾಡಿದ್ದು ಅದನ್ನೇ. ಗಡಿಯಾರ ಸರಿಮಾಡಿದರೂ ಪರದೆ ಮಂಕಾಗಿ ಅನುಮತಿ ಕೇಳ್ತಿತ್ತು. ಜನ ಕಣ್ಣುಮುಚ್ಚಿ ಒತ್ತೋದು ಕಲಿತರು. 2009ರ ವಿಂಡೋಸ್ 7ರಲ್ಲಿ ಆ ಕಾಟ ಕಡಿಮೆಯಾಯಿತು. ವಿಂಡೋಸ್ 8ರಿಂದಾಚೆಗೆ ಗುರುತು ಪರಿಚಯವಿಲ್ಲದ ಪ್ರೋಗ್ರಾಂ ಓಡಿಸಹೊರಟರೆ ಮುಂದುವರಿಯುವ ಬಟನ್ ಸುಲಭಕ್ಕೆ ಕಾಣೋದೇ ಇಲ್ಲ. 'ಮೋರ್ ಇನ್ಫೋ' ಒತ್ತಿ ಹುಡುಕಬೇಕು. ಸುರಕ್ಷಿತ ದಾರಿ ಹತ್ತಿರ, ಅಪಾಯದ ದಾರಿ ಸುತ್ತು.

ಹಾಗಾದ್ರೆ ಜನ ಎಚ್ಚರಿಕೆ ಓದೋದೇ ಇಲ್ವಾ? 2013ರಲ್ಲಿ ದೇವದತ್ತ ಅಖಾವೆ ಮತ್ತು ಏಡ್ರಿಯನ್ ಪೋರ್ಟರ್ ಫೆಲ್ಟ್ ಎಂಬ ಇಬ್ಬರು ಬ್ರೌಸರುಗಳು ತೋರಿಸಿದ ಎರಡೂವರೆ ಕೋಟಿಗೂ ಹೆಚ್ಚು ಎಚ್ಚರಿಕೆಗಳನ್ನು ಲೆಕ್ಕ ಹಾಕಿದರು. ಕ್ರೋಮಿನ ಎಸ್ಎಸ್ಎಲ್ ಎಚ್ಚರಿಕೆಯನ್ನು ಶೇ. 70ರಷ್ಟು ಸಲ ಜನ ದಾಟಿ ಹೋಗಿದ್ದರು. ಫೈರ್‌ಫಾಕ್ಸಿನ ಮಾಲ್‌ವೇರ್ ಎಚ್ಚರಿಕೆಯನ್ನು ದಾಟಿದ್ದು ಶೇ. 7ರಷ್ಟು ಸಲ ಮಾತ್ರ. ಒಂದೊಂದು ಎಚ್ಚರಿಕೆಗೆ ಜನ ಒಂದೊಂದು ಥರ ನಡೆದುಕೊಳ್ತಾರೆ ಅಂದ್ರೆ ತಪ್ಪೆಲ್ಲ ಯೂಸರ್‌ದೇ ಅಂತ ಹೇಗೆ ಹೇಳೋದು?

ಈಗ ಡಿಸೈನ್ ರಿವ್ಯೂನಲ್ಲಿ "ನೀವು ಖಚಿತವಾಗಿಯೂ ಮುಂದುವರಿಯಲು ಬಯಸುವಿರಾ?" ಅನ್ನೋ ಸಾಲು ಕಂಡರೆ ನಾನು ತಡೆಯುತ್ತೇನೆ. ಅದು ಎಚ್ಚರಿಕೆ ಅಲ್ಲ, ನಾಳೆ ನಮ್ಮ ಮೇಲೆ ಬಾರದಿರಲಿ ಅಂತ ಬರೆಸಿಕೊಳ್ಳೋ ಮುಚ್ಚಳಿಕೆ. ಅದರ ಬದಲು ಹೀಗೆ ಬರೆಯೋಣ ಅಂತೀನಿ: "ಇದು ಫೋಟೋ ಅಲ್ಲ, ಆ್ಯಪ್. ನಿಮ್ಮ ಮೆಸೇಜುಗಳನ್ನು ಓದಲು ಕೇಳುತ್ತಿದೆ. ಕಳಿಸಿದವರಿಗೆ ಫೋನ್ ಮಾಡಿ ಕೇಳುವವರೆಗೂ ಹಾಕಬೇಡಿ."

ಸಾಲು ಉದ್ದವಾಯ್ತು ಅಂತ ಡಿಸೈನರ್ ಗೊಣಗುತ್ತಾನೆ. ಗೊಣಗಲಿ ಬಿಡಿ.