ಎಲೆಗಂಟಿನ ಒಳಮನೆ

ಮಾಗಡಿಯಿಂದ ಸಾವನದುರ್ಗದ ಕಡೆಗೆ ಹೋಗುವ ದಾರಿಯ ಹೊಂಗೆಮರಗಳು ತಳಿರೊಡೆದು, ಆ ತಳಿರು ಬಲಿತು ಕಡುಹಸಿರಿಗೆ ತಿರುಗುವಷ್ಟರಲ್ಲಿಯೇ ಅದರ ಮೈಯೆಲ್ಲ ಕಿರುಬೆರಳಿನಂತಹ ಗಂಟುಗಳೆದ್ದು ನಿಲ್ಲುವುದನ್ನು ಕಂಡಾಗ ನನಗಾಗುವ ಆನಂದವು ಪ್ರತಿವರ್ಷವೂ ಹೊಸದೇ. ಬರಿಗಣ್ಣಿಗೆ ಗೋಚರಿಸದ, ನಾಲ್ಕೇ ಕಾಲುಗಳ ಅಸೇರಿಯ ಪೊಂಗಾಮಿಯೆ ಎಂಬ ನುಸಿಯು ಎಳೆಯೆಲೆಯ ರಸವನ್ನು ಹೀರುತ್ತ, ಆ ಎಲೆಯಿಂದಲೇ ತನ್ನ ವಸತಿಯನ್ನು ಕಟ್ಟಿಸಿಕೊಳ್ಳುವುದು. ಚನ್ನಪಟ್ಟಣದ ತೆಂಗಿನ ತೋಟದವರನ್ನು ಗೋಳುಹೊಯ್ದುಕೊಂಡ ಕಾಯಿನುಸಿಯೂ ಇದೇ ಕುಲದ್ದು.

ಎಲೆಗಂಟುಗಳನ್ನು ಅರಸುವ ಮಿತ್ರರಲ್ಲಿ ಕೆಲವರೊಡನೆ ನನಗೆ ತೀರದ ವ್ಯಾಜ್ಯವೊಂದುಂಟು. ಹೊರಮೈಯ ಛಾಯಾಚಿತ್ರವೊಂದನ್ನು ತೆಗೆದು, ಎಲೆಯನ್ನು ಮಗುಚಿಯೂ ನೋಡದೆ, ಗಂಟಿನ ಕರ್ತೃ ಯಾರೆಂದು ತೀರ್ಪಿತ್ತು ಮುನ್ನಡೆಯುವರು. ಮಗುಚಬೇಕು, ಗಂಟಿನ ಬುಡದಲ್ಲಿ ರೋಮಗಳು ಮುಸುಕಿದ ಕಿರುದ್ವಾರ ಕಂಡರೆ ಅದು ನುಸಿಯ ಮನೆ. ದ್ವಾರವಿಲ್ಲದಿದ್ದರೆ ಹರಿತವಾದ ಬ್ಲೇಡಿನಿಂದ ಉದ್ದುದ್ದವಾಗಿ, ತುಸುತುಸುವೇ ಸೀಳಬೇಕು. ಅಡ್ಡಡ್ಡ ಕೊಯ್ದವನ ಪಾಲಿಗೆ ಸಿಕ್ಕುವುದು ಮರಿಹುಳುವಿನ ಜಜ್ಜಿದ ಶವವಷ್ಟೆ. ಕನಕಪುರದ ಸೀಮೆಯ ನೀಲಗಿರಿ ತೋಪುಗಳನ್ನು ಹೊಕ್ಕವರು ಇದನ್ನು ಮರೆಯಲಾಗದು: 2001ರಲ್ಲಿ ನೆರೆಯ ಮಂಡ್ಯದಲ್ಲಿ ಕಾಣಿಸಿಕೊಂಡು, 2004ರಲ್ಲಿ ಲೆಪ್ಟೊಸೈಬೆ ಇನ್ವೇಸ ಎಂಬ ಹೆಸರು ಪಡೆದ ಆಸ್ಟ್ರೇಲಿಯ ಮೂಲದ ಕಣಜವು ನೀಲಗಿರಿಯ ನಡುನರದಲ್ಲಿಯೂ ತೊಟ್ಟಿನಲ್ಲಿಯೂ ಎಬ್ಬಿಸುವ ಗಂಟಿನೊಳಗೆ, ಕಾಲಿಲ್ಲದ ಬಿಳಿಯ ಮರಿ ಮುಚ್ಚಿದ ಕೋಣೆಯಲ್ಲಿ ಮಲಗಿರುವುದು. ಅಲ್ಲಿಂದ ಹೊರಬಿದ್ದ ಕೀಟವೇ ಆ ಮನೆಯ ಒಡೆಯನೆಂದು ಬರೆದಿಡುವವರ ಮೇಲಂತೂ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಒಡೆಯನನ್ನು ತಿಂದು ಬೆಳೆದ ಪರಾವಲಂಬಿ ಕಣಜವೂ ಅದೇ ಗಂಟನ್ನು ಕೊರೆದುಕೊಂಡು ಹೊರಬರುವುದಲ್ಲವೆ? ಗ್ರಂದಿಗೆ ಅಂಗಡಿಯಲ್ಲಿ ಮಾಚಿಕಾಯಿ ಆರಿಸುವ ಮುದುಕಿಯೂ ತೂತುಬಿದ್ದುದನ್ನು ಪಕ್ಕಕ್ಕೆ ಸರಿಸುವಳು. ಓಕ್ ಮರದ ಕಣಜವು ಹಾರಿಹೋದ ಗಂಟಿನಲ್ಲಿ ಒಗರು ಕಡಿಮೆಯೆಂಬುದು ಆಕೆಗೆ ಗೊತ್ತು. ಇಟಲಿಯ ಮಾಲ್ಪೀಘಿ 1679ರಷ್ಟು ಹಿಂದೆಯೇ ಗಂಟುಗಳನ್ನು ಸೀಳಿ ನೋಡಿ ಬರೆದ ಮೇಲೂ ಈ ಸೋಮಾರಿತನಕ್ಕೆ ಕ್ಷಮೆಯೆಲ್ಲಿ?

ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಶೀತದೇಶಗಳ ವಿಲ್ಲೋ ಮರಗಳತ್ತ. ಅಲ್ಲಿ ಕಣಜಕ್ಕೆ ದೂರದ ಬಂಧುವಾದ ಗರಗಸದ ನೊಣವೊಂದರ ಹೆಣ್ಣು, ಹಲ್ಲುಳ್ಳ ಅಂಡನಾಳದಿಂದ ಎಲೆಯನ್ನು ಕೊಯ್ದು ಮೊಟ್ಟೆಯೊಡನೆ ದ್ರವವೊಂದನ್ನೂ ಸುರಿಯುವುದು; ಮರಿಯ ಬಾಯಿ ತಾಕುವ ಮೊದಲೇ, ಮೊಟ್ಟೆಯೊಡೆಯುವ ಮುನ್ನವೇ, ಗಂಟು ಉಬ್ಬತೊಡಗುವುದು. ಹೊಂಗೆಯ ನುಸಿ ಇದ್ದು ಹೀರಿ ಮಾಡಿಸುವುದನ್ನು ಆ ತಾಯಿ ಒಂದೇ ಇರಿತದಲ್ಲಿ ಆರಂಭಿಸಿ ಹಾರಿಹೋಗುವಳು. ಆ ಗಂಟನ್ನು ಸೀಳಿದರೆ ದೊರೆಯುವ ಮರಿಗೆ ಕಾಲುಗಳೂ ಉಂಟು.