ಉಪಚಾರವೂ ಒಂದು ವಿದ್ಯೆ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಒಂದೊಂದು ಪಾದಕ್ಕೂ ನಾಲ್ಕು ಗುಣಗಳುಂಟು. ಪರಿಚಾರಕನಿಗೆ ಇರಬೇಕಾದವು ಉಪಚಾರದ ಜ್ಞಾನ, ದಕ್ಷತೆ, ತಾನು ಸೇವೆ ಮಾಡುವವನಲ್ಲಿ ಅನುರಾಗ ಮತ್ತು ಶುಚಿತ್ವ. ಮಠದ ಪಾಠಶಾಲೆಯಲ್ಲಿ ನಾವು ಇದನ್ನು ಬಾಯಿಪಾಠ ಮಾಡಿದ್ದೆವು. ಆದರೆ ಜ್ಞಾನವನ್ನು ಮೊದಲಲ್ಲಿಟ್ಟು ಅನುರಾಗವನ್ನು ಮೂರನೆಯದಾಗಿ ಹೇಳಿದ್ದೇಕೆ ಎಂಬುದರ ಅರ್ಥ ನಮಗೆ ಮನವರಿಕೆಯಾದದ್ದು ಗ್ರಂಥದಿಂದಲ್ಲ, ನಮ್ಮ ಮನೆಯ ಪಡಸಾಲೆಯಲ್ಲಿ.

1996ರ ಸುಗ್ಗಿಯಲ್ಲಿ ನಮ್ಮ ಅಣ್ಣನವರು ಬಣವೆಯ ಮೇಲಿಂದ ಜಾರಿ ಕಣದಲ್ಲಿ ಬಿದ್ದರು. ಕೂಡಲೇ ನಾಲ್ಕೈದು ಮಂದಿ ಓಡಿಬಂದು ಕೈಕಾಲು ಹಿಡಿದು ಎತ್ತಲು ಬಗ್ಗಿದರು. ಅವರೆಲ್ಲ ಅಣ್ಣನವರ ಮೇಲೆ ಜೀವ ಇಟ್ಟವರೇ. ಅಷ್ಟರಲ್ಲಿ ಊರವರು ನರ್ಸಬಾಯಿ ಎಂದು ಕರೆಯುತ್ತಿದ್ದ ದಾದಿಯೊಬ್ಬರು ಬಂದು, “ಯಾರೂ ಎತ್ತಬ್ಯಾಡ್ರಿ! ಮೊದಲ ಉಸಿರು ನೋಡೋಣು” ಎಂದು ತಡೆದರು. ಉಸಿರಾಟ ಸರಾಗವಾಗಿದೆಯೇ, ಎಲ್ಲಿಯಾದರೂ ರಕ್ತ ಹರಿಯುತ್ತಿದೆಯೇ ಎಂದು ನೋಡಿದರು. ಬಳಿಕ ತಲೆಯನ್ನು ಎರಡೂ ಕೈಗಳಿಂದ ಅಲುಗದಂತೆ ಹಿಡಿದುಕೊಂಡು, ಉಳಿದವರನ್ನು ಒಂದೇ ಬದಿಗೆ ಕೂರಿಸಿ, ತಮ್ಮ ಎಣಿಕೆಗೆ ಸರಿಯಾಗಿ ಎಲ್ಲರೂ ಒಮ್ಮೆಲೇ ಹೊರಳಿಸುವಂತೆ ಹೇಳಿದರು. ಮರದ ದಿಮ್ಮಿಯನ್ನು ಉರುಳಿಸಿದಂತೆ ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿ ಹೊರಳಿದವು. ಬೆನ್ನಡಿಗೆ ಬಾಗಿಲ ಹಲಗೆ ಸೇರಿಸಿ ಆಸ್ಪತ್ರೆಗೆ ಸಾಗಿಸಿದೆವು.

ಅಣ್ಣನವರ ಬೆನ್ನೆಲುಬು ಸೊಂಟದ ಮೇಲ್ಭಾಗದಲ್ಲಿ ಮುರಿದಿತ್ತು. ಕಾಲುಗಳ ಸ್ವಾಧೀನ ತಪ್ಪಿತ್ತು. ಕೈಕಾಲು ಹಿಡಿದು ಜೋಲಿಯಂತೆ ಎತ್ತಿದ್ದರೆ ಮುರಿದ ಎಲುಬು ಸರಿದು ಇನ್ನೂ ಹೆಚ್ಚಿನ ಹಾನಿಯಾಗುವ ಅಪಾಯವಿತ್ತೆಂದು ವೈದ್ಯರು ಹೇಳಿದರು. ಬೆಂಕಿ ಅಥವಾ ವಾಹನಗಳ ಭಯವಿಲ್ಲದ ಕಡೆ ಗಾಯಾಳುವನ್ನು ಅವಸರದಿಂದ ಎತ್ತಬಾರದೆಂಬುದು ಇದಕ್ಕಾಗಿಯೇ. ಆದರೆ ರಕ್ತ ಹರಿಯುತ್ತಿದ್ದರೆ ತಡಮಾಡದೆ ಶುಚಿಯಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು.

ಆಸ್ಪತ್ರೆಯಲ್ಲಿ ದಾದಿಯರು ಪದೇ ಪದೇ ಬಂದು ಅಣ್ಣನವರ ಕಣ್ಣು, ಮಾತು, ಚಲನೆಗಳನ್ನು ಪರೀಕ್ಷಿಸಿ ಹಾಳೆಯಲ್ಲಿ ಅಂಕೆ ಬರೆಯುತ್ತಿದ್ದರು. ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು 1974ರಲ್ಲಿ ಪ್ರಕಟಿಸಿದ ಮಾಪನವದು. ಪೂರ್ಣ ಎಚ್ಚರಕ್ಕೆ 15, ತೀರ ಕಡಿಮೆ ಎಂದರೆ 3. ತಲೆಗೆ ಪೆಟ್ಟಾದವನು ಮೊದಲು ಚೆನ್ನಾಗಿ ಮಾತಾಡಿ ಆಮೇಲೆ ಮಂಕಾಗುವುದುಂಟು. ಮನೆಯವರು ಅದನ್ನು ನಿದ್ದೆಯೆಂದು ಭಾವಿಸಬಹುದು. ಅಂಕೆ ಇಳಿದುದನ್ನು ಕಂಡ ದಾದಿ ವೈದ್ಯರನ್ನು ಕರೆಯುತ್ತಾಳೆ.

ಅವಘಡದ ದಿನದ ವಿದ್ಯೆ ಇದಾದರೆ, ಮುಂದಿನ ವರ್ಷಗಳ ವಿದ್ಯೆ ಬೇರೆ. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಬಹುಪಾಲು ಜನ ಗಾಯದಿಂದಲ್ಲ, ಹಾಸಿಗೆಹುಣ್ಣಿನ ನಂಜಿನಿಂದಲೂ ಮೂತ್ರದ ನಂಜಿನಿಂದಲೂ ತೀರಿಕೊಂಡರು. ಜರ್ಮನಿಯಿಂದ ಆಶ್ರಯ ಅರಸಿ ಇಂಗ್ಲೆಂಡಿಗೆ ಬಂದಿದ್ದ ಲುಡ್ವಿಗ್ ಗುಟ್ಮನ್ ಎಂಬ ವೈದ್ಯರು 1944ರಲ್ಲಿ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಇಂಥವರಿಗಾಗಿ ವಿಭಾಗ ತೆರೆದರು. ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರ ಮಗ್ಗುಲು ಬದಲಿಸಬೇಕೆಂದು ಕಟ್ಟಪ್ಪಣೆ ಮಾಡಿದರು. ಸಾವಿಗೆ ಕಾದು ಮಲಗಿದ್ದವರು ಎದ್ದು ಕುಳಿತರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಅಲ್ಲಿ ಹದಿನಾರು ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುವಿದ್ಯೆಯಲ್ಲಿ ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದುಬಂದದ್ದು ಆ ಸ್ಪರ್ಧೆಯಿಂದ.

ಆರೋಗ್ಯವಂತನು ನಿದ್ದೆಯಲ್ಲಿಯೂ ತನಗರಿವಿಲ್ಲದೆ ಹೊರಳುತ್ತಾನೆ. ಸ್ಪರ್ಶಜ್ಞಾನವಿಲ್ಲದವನಿಗೆ ಹೊರಳಬೇಕೆಂಬ ಸೂಚನೆಯೇ ಬರದು. ಎಲುಬು ಒತ್ತಿದೆಡೆ ರಕ್ತ ಹರಿಯದೆ ಚರ್ಮ ಸಾಯುತ್ತದೆ. ನಡುವಿನ ಕೆಳಗೆ, ಸೊಂಟದ ಮಗ್ಗುಲಿನಲ್ಲಿ, ಹಿಮ್ಮಡಿಯಲ್ಲಿ ದಿನಾಲೂ ನೋಡಬೇಕು. ಕೆಂಪಾದೆಡೆ ಬೆರಳೊತ್ತಿ ತೆಗೆದಾಗ ಬಿಳುಪಾಗದಿದ್ದರೆ ಅದು ಹುಣ್ಣಿನ ಮೊದಲ ಹಂತ. ಆದರೆ ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ನರ್ಸಬಾಯಿಯವರು ನಮ್ಮ ಅತ್ತಿಗೆಯವರಿಗೆ ಕಲಿಸಿದ್ದು ಇದನ್ನೇ: “ಅಮ್ಮಾರ, ಕಣ್ಣಿಗಿಂತ ಮೊದಲ ಕೈಗೆ ಗೊತ್ತಾಗ್ತದ. ಬಿಸಿ ಅದನೋ ಗಟ್ಟಿ ಆಗೇದನೋ ಮುಟ್ಟಿ ನೋಡ್ರಿ.” ಅಂಥ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಬಾರದು, ಮೇಲಕ್ಕೆ ಸರಿಸುವಾಗ ಎಳೆಯಬಾರದು, ಎತ್ತಿ ಸರಿಸಬೇಕು.

ಅನುರಾಗವೊಂದೇ ಸಾಲದೆಂಬುದಕ್ಕೆ ಊಟವೂ ಸಾಕ್ಷಿ. ಮಲಗಿದಲ್ಲಿಯೇ ಇರುವ ಮುದುಕರಿಗೆ ಮಕ್ಕಳು ಅಕ್ಕರೆಯಿಂದ ಗಂಜಿ ಕುಡಿಸುತ್ತಾರೆ. ಆ ಗಂಜಿ ಶ್ವಾಸನಾಳಕ್ಕಿಳಿದರೆ ಪುಪ್ಪುಸಕ್ಕೆ ಸೋಂಕು ತಗಲುತ್ತದೆ. ನೆಟ್ಟಗೆ ಕೂರಿಸಿ, ಪೂರ್ಣ ಎಚ್ಚರವಿದ್ದಾಗ, ಒಂದು ತುತ್ತು ನುಂಗಿದ್ದನ್ನು ನೋಡಿಯೇ ಇನ್ನೊಂದನ್ನು ಕೊಡಬೇಕು. ಉಂಡ ಮೇಲೆಯೂ ಅರ್ಧ ಗಂಟೆ ಕೂತಿರುವಂತೆ ನೋಡಿಕೊಳ್ಳಬೇಕು.

ಮೊದಲ ಮೂರು ತಿಂಗಳು ಅತ್ತಿಗೆಯವರೊಬ್ಬರೇ ರಾತ್ರಿಯೆಲ್ಲ ಎಚ್ಚರವಿದ್ದು ಕೃಶರಾಗಿದ್ದರು. ನರ್ಸಬಾಯಿಯವರು ಒಂದು ಸಂಜೆ ಮನೆಯ ಗಂಡಸರನ್ನೆಲ್ಲ ಕೂರಿಸಿ ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಗಳ ಪಾಳಿ ಹಂಚಿದರು. ನಾಲ್ಕರ ಪಾಳಿ ನಮ್ಮದಾಯಿತು. ಅಣ್ಣನವರು ಇನ್ನೂ ಹನ್ನೊಂದು ವರ್ಷ ಬದುಕಿ, ಕುಳಿತಲ್ಲಿಂದಲೇ ಹೊಲಮನೆಯ ಲೆಕ್ಕ ನೋಡಿದರು; ಒಮ್ಮೆಯೂ ಹುಣ್ಣಾಗಲಿಲ್ಲ. ಅನುರಾಗವೂ ದಣಿಯುತ್ತದೆ, ದಣಿದಾಗ ಸಿಡುಕಾಗುತ್ತದೆ. ವಿದ್ಯೆ ಅದಕ್ಕೆ ಕ್ರಮವನ್ನೂ ವಿಶ್ರಾಂತಿಯನ್ನೂ ಕೊಡುತ್ತದೆ.

ಈಗ ಕಾಲ ಅನುಕೂಲವಾಗಿದೆ. ನಮ್ಮ ರಾಜ್ಯದಲ್ಲಿ 2008ರಿಂದ 108ರ ಆಂಬುಲೆನ್ಸ್ ಸೇವೆ ಇದೆ. ಗಾಯಾಳುವಿಗೆ ಸದ್ಭಾವದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ರಕ್ಷಣೆ ನೀಡಿದೆ. ಆದುದರಿಂದ ಓದುಗರಲ್ಲಿ ನಮ್ಮ ಬಿನ್ನಹವಿಷ್ಟೇ: ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವ ಮುನ್ನ ವೈದ್ಯರಲ್ಲಿ ಔಷಧದ ಚೀಟಿಯನ್ನು ಕೇಳುವಂತೆ, ದಾದಿಯ ಬಳಿ ಒಂದು ಗಂಟೆ ಕುಳಿತು ಹೊರಳಿಸುವುದನ್ನೂ ಉಣಿಸುವುದನ್ನೂ ಕೈಯಾರೆ ಕಲಿತುಕೊಳ್ಳಿರಿ. ಕಲಿಯುವಾಗ ಮನೆಯ ಸೊಸೆಯನ್ನಷ್ಟೇ ಕಳುಹಿಸದೆ ಗಂಡುಮಕ್ಕಳೂ ಜೊತೆಗೆ ಹೋಗಲಿ.