ಮತಂಗದ ಮೇಲೊಂದು ಬೆಳಗು

ತುಂಗಭದ್ರೆಯ ದಡದಲ್ಲಿ ಹುಟ್ಟಿ, ಅದೇ ದಡದಲ್ಲಿ ಮಕ್ಕಳಿಗೆ ಭೂಗೋಳ ಹೇಳುತ್ತ ತಲೆ ನರೆಸಿಕೊಂಡವನು ನಾನು. ಆದರೂ ಐವತ್ತು ದಾಟುವವರೆಗೆ ಆ ನದಿಯನ್ನು ಎತ್ತರದ ತಾಣದಿಂದ ಒಮ್ಮೆಯೂ ನೋಡಿರಲಿಲ್ಲ. ನಮ್ಮ ರಾಜೋಳಿಯಲ್ಲಿ ಹೊಳೆ ಕಾಣುವುದು ದಡದಲ್ಲಿ ನಿಂತವನ ಕಣ್ಣಿಗೆ ಎಷ್ಟು ಕಾಣಬೇಕೋ ಅಷ್ಟೇ. ಒಂದು ಸಲ ಮಾತ್ರ ಅದು ನಮ್ಮ ಕಣ್ಣಿನ ಮಟ್ಟವನ್ನೂ ಮೀರಿ ಬಂದಿತು.

ಅದು 2009ರ ಅಕ್ಟೋಬರ್ 2, ಗಾಂಧಿ ಜಯಂತಿಯ ದಿನ. ಹೊಳೆ ಊರೊಳಗೆ ನುಗ್ಗಿತು. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗು ಕೂಡಿಸಿ ಗದ್ವಾಲ ಸೀರೆ ನೇಯುವ ಮನೆಗಳಲ್ಲಿ ಮಗ್ಗದ ಕುಣಿಗಳು ಮೊದಲು ತುಂಬಿದವು, ಆಮೇಲೆ ಗೋಡೆಗಳು ಕುಸಿದವು. ಎಷ್ಟೋ ದಿನಗಳ ನಂತರ ಮರದ ಕೆಳಗೆ ಶಾಲೆ ಕೂಡಿಸಿದಾಗ, ನೇಕಾರರ ಮನೆಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸರ್, ಈ ನೀರು ಯಾರು ಬಿಟ್ಟಾರ್ರಿ?” ನಾನು ಅವನಿಗೆ ಉತ್ತರ ಹೇಳಲಿಲ್ಲ. ಕುಳಿತುಕೋ ಎಂದೆ. ಆ ಪ್ರಶ್ನೆ ಮಾತ್ರ ನನ್ನೊಳಗೆ ನಿಂತೇ ಇತ್ತು.

ಆ ಹುಡುಗ ಈಗ ಮಗ್ಗದ ಮೇಲೆ ಕುಳಿತ ಗೃಹಸ್ಥ. ಕಳೆದ ಸಂಕ್ರಾಂತಿಯ ರಜೆಯಲ್ಲಿ ಅವನೇ ಬಂದು, “ಹಂಪಿಗೆ ಹೋಗೋಣ ನಡೀರಿ ಸರ್” ಎಂದ. ರಾಯಚೂರು, ಸಿಂಧನೂರು, ಗಂಗಾವತಿಯ ಮಾರ್ಗವಾಗಿ ಹೋದೆವು. ದಾರಿಯುದ್ದಕ್ಕೂ ಎಡದಂಡೆ ಕಾಲುವೆಯ ಭತ್ತದ ಸೀಮೆ. ಅದನ್ನು ನೋಡುತ್ತ ಅವನು ಏನೂ ಮಾತನಾಡಲಿಲ್ಲ. ರಾಜೋಳಿಬಂಡೆ ಕಾಲುವೆಯ ಕಡೆಯ ಹಳ್ಳಿಗಳವರಿಗೆ ಇಂತಹ ಹಸಿರನ್ನು ನೋಡಿದಾಗ ಆಗುವ ಸಂಕಟ ಏನೆಂಬುದನ್ನು ನಮ್ಮ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಂಪಿಯ ಬಜಾರಿನ ತುದಿಯಲ್ಲಿರುವ ಎದುರು ಬಸವಣ್ಣನಿಗೆ ಕೈಮುಗಿದು, ಇನ್ನೂ ನಕ್ಷತ್ರಗಳಿರುವಾಗಲೇ ಮತಂಗ ಪರ್ವತವನ್ನು ಹತ್ತತೊಡಗಿದೆವು. ಕಲ್ಲಿನ ಮೆಟ್ಟಿಲುಗಳು ಕೆಲವೆಡೆ ಸರಿಯಾಗಿವೆ, ಕೆಲವೆಡೆ ಬಂಡೆಯನ್ನೇ ತಬ್ಬಿಕೊಂಡು ಏರಬೇಕು. ಮೊಣಕಾಲಿನ ನೋವಿನಿಂದ ನಾನು ಮೂರು ಕಡೆ ಕುಳಿತೆ. ವಾಲಿಯು ಮತಂಗಮುನಿಯ ಶಾಪಕ್ಕೆ ಅಂಜಿ ಈ ಬೆಟ್ಟದ ಕಡೆ ಸುಳಿಯಲಿಲ್ಲವೆಂದೂ ಅದರಿಂದಲೇ ಸುಗ್ರೀವನಿಗೆ ಇಲ್ಲಿ ಆಶ್ರಯ ದೊರೆಯಿತೆಂದೂ ಕಥೆ ಹೇಳಿ, ಆ ನೆಪದಲ್ಲಿ ಉಸಿರು ಸುಧಾರಿಸಿಕೊಂಡೆ. ಶಿಖರದಲ್ಲಿ ವೀರಭದ್ರನ ಗುಡಿ ಇದೆ. ಅದರ ಮಾಳಿಗೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕುಳಿತೆವು.

ಏಳು ಗಂಟೆಗೆ ಸ್ವಲ್ಪ ಮೊದಲು ಸೂರ್ಯ ಮೂಡಿದ. ಮೊದಲು ಬೆಳಕು ಬಿದ್ದದ್ದು ನಮ್ಮ ಮೇಲೆ. ಕೆಳಗೆ ಮತಂಗ ಮತ್ತು ಗಂಧಮಾದನ ಬೆಟ್ಟಗಳ ನಡುವಿನ ಕಣಿವೆಯಲ್ಲಿ ಇನ್ನೂ ನೀಲಿ ಮಬ್ಬು. ಆ ಮಬ್ಬಿನೊಳಗಿಂದ ಅಚ್ಯುತರಾಯನ ಗುಡಿ ಮೆಲ್ಲಮೆಲ್ಲನೆ ಕಾಣಿಸಿಕೊಂಡಿತು. 1534ರಲ್ಲಿ ತಿರುವೆಂಗಳನಾಥನಿಗೆಂದು ಕಟ್ಟಿದ ಗುಡಿ ಅದು. ಅದರ ಮುಂದೆ ಹೊಳೆಯವರೆಗೆ ಚಾಚಿದ ಉದ್ದನೆಯ ಪೇಟೆಬೀದಿ, ಎರಡೂ ಕಡೆ ಮುರಿದ ಕಂಬಗಳ ಸಾಲು. ಪಶ್ಚಿಮಕ್ಕೆ ತಿರುಗಿದರೆ ವಿರೂಪಾಕ್ಷನ ಗೋಪುರ, ದಕ್ಷಿಣದಲ್ಲಿ ಬಾಳೆಯ ತೋಟಗಳು. ವಿಜಯನಗರದ ಕಾಲದ ತುರ್ತು ಕಾಲುವೆ ಆ ಬಯಲಿಗೆ ಇಂದಿಗೂ ನೀರುಣಿಸುತ್ತಿದೆ. 1565ರ ಯುದ್ಧದ ನಂತರ ಪಟ್ಟಣ ಹಾಳಾಯಿತು, ಕಾಲುವೆ ಉಳಿಯಿತು.

ಉತ್ತರದಲ್ಲಿ ಬಂಡೆಗಳ ನಡುವೆ ಹೊಳೆ. ಒಂದು ಬಿಳಿಯ ಎಳೆಯಂತೆ, ಅಲ್ಲಲ್ಲಿ ಕಡಿದು ಮತ್ತೆ ಕೂಡಿಸಿದಂತೆ ಕಾಣುತ್ತಿತ್ತು. ನಮ್ಮೂರನ್ನು ಮುಳುಗಿಸಿದ್ದು ಇದೇ ಎಂದು ಹೇಳಿದರೆ ಯಾರೂ ನಂಬಲಾರರು.

ಉತ್ತರ ಹೇಳಲು ಇದೇ ಸರಿಯಾದ ಸ್ಥಳವೆಂದು ನನಗೆ ತೋರಿತು. ಹೊಸಪೇಟೆಯ ದಿಕ್ಕಿಗೆ ಕೈತೋರಿಸಿ ಆರಂಭಿಸಿದೆ. ಆಣೆಕಟ್ಟಿಗೆ 33 ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ ಅವುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ ನಮ್ಮ ಓಣಿಯಲ್ಲಿ ಅನೇಕರು ನಿದ್ದೆಗೆಟ್ಟರು. ಆದರೆ ಆಣೆಕಟ್ಟನ್ನಷ್ಟೇ ದೂರಿದರೆ ಲೆಕ್ಕ ಮುಗಿಯುವುದಿಲ್ಲ. ಅದರ ಕೆಳಗೂ ಹಗರಿಯಂತಹ ನದಿಗಳು ಬಂದು ಸೇರುತ್ತವೆ. ಆ ವರ್ಷ ಸೆಪ್ಟೆಂಬರಿನ ಕೊನೆಗೆ ಉತ್ತರ ಕರ್ನಾಟಕದಲ್ಲಿಯೂ ರಾಯಲಸೀಮೆಯಲ್ಲಿಯೂ ಒಂದೇ ಸಮನೆ ಮಳೆ ಸುರಿಯಿತು. ಅಷ್ಟೂ ನೀರಿಗೆ ಸುಂಕೇಶುಲದ ಮೇಲೆ ಹಾಯ್ದು ಹೋಗುವುದಲ್ಲದೆ ಬೇರೆ ದಾರಿಯಿರಲಿಲ್ಲ. ಆದ್ದರಿಂದ ಅದನ್ನು ಯಾರೋ ಒಬ್ಬರು ಬಿಟ್ಟ ನೀರೆನ್ನಲಾಗದು ಎಂದೆ.

ಅವನು ವಿನಯದಿಂದ ಎಲ್ಲವನ್ನೂ ಕೇಳಿ, “ಇದನ್ನ ನಾನು ಕೇಳಿದ್ನೇನ್ರಿ ಸರ್? ನೆನಪಿಲ್ಲ” ಎಂದ. ಸ್ವಲ್ಪ ಹೊತ್ತಿನ ಮೇಲೆ ಹೇಳಿದ: “ನೀವು ತಲೆಮ್ಯಾಲೆ ರಿಜಿಸ್ಟರ್ ಹೊತ್ಕೊಂಡು ಬಂದಿದ್ದು ನೆನಪೈತಿ.”

ನಾನು ತಲೆ ತಗ್ಗಿಸಿದೆ. ಅವನ ತಂದೆ ಹಿಂದಿನ ಸಂಜೆ, ಶಾಲೆಯ ಕಟ್ಟೆ ಎತ್ತರವೆಂದು ನಂಬಿ, ಸಾಲ ತಂದ ರೇಷ್ಮೆಯ ಹಾಸನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. ಬೀಗದ ಕೈ ನನ್ನಲ್ಲಿತ್ತು. ಮರುದಿನ ಎದೆಮಟ್ಟದ ನೀರಿನಲ್ಲಿ ಶಾಲೆಗೆ ಹೋದವನಿಗೆ ಒಂದೇ ಗಂಟನ್ನು ಹೊರುವಷ್ಟು ಮಾತ್ರ ಅವಕಾಶವಿತ್ತು. ಪ್ರವೇಶ ಪುಸ್ತಕವೇ ಶಾಲೆಯ ಜೀವವೆಂದು ಶಿಕ್ಷಕರ ತರಬೇತಿಯಲ್ಲಿ ಕಲಿತಿದ್ದೆ. ಅದನ್ನೇ ಹೊತ್ತೆ. ಅವರ ತಂದೆ ಆ ವಿಷಯವನ್ನು ಸಾಯುವವರೆಗೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

“ಹಾಸು ಅಲ್ಲೇ ಬಿಟ್ಟೆನಪ್ಪ” ಎಂದೆ. ಹದಿನೈದು ವರ್ಷಗಳಿಗೂ ಮಿಕ್ಕಿ ಆಡದೆ ಉಳಿದ ಮಾತು.

“ಗೊತ್ತೈತ್ರಿ. ಆ ಪುಸ್ತಕದಾಗ ನನ್ನ ಹೆಸರೂ ಇತ್ತಲ್ರಿ” ಎಂದು ಅವನು ನಕ್ಕ. ಅದು ಕ್ಷಮೆಯೋ, ಮೇಷ್ಟ್ರನ್ನು ಮುಜುಗರದಿಂದ ಪಾರುಮಾಡುವ ಸೌಜನ್ಯವೋ, ನಾನು ಕೇಳಲಿಲ್ಲ. ಅಷ್ಟರಲ್ಲಿ ಬಿಸಿಲು ಕಣಿವೆಯ ತಳವನ್ನು ಮುಟ್ಟಿತ್ತು. ಗುಡಿಯ ಅಂಗಳದಲ್ಲಿ ಕಂಬಗಳ ನೆರಳು ಸಾಲಾಗಿ ಮಲಗಿತ್ತು.

ಇಳಿಯುವಾಗ ಅವನು ನನ್ನ ಕೈ ಹಿಡಿದುಕೊಂಡಿದ್ದ. ಚಕ್ರತೀರ್ಥದಲ್ಲಿ ಮುಖ ತೊಳೆದೆವು. ಅವನು ಚೀಲದಿಂದ ಒಂದು ಬಾಟಲಿ ತೆಗೆದು ಹೊಳೆಯ ನೀರನ್ನು ತುಂಬಿಕೊಂಡ.

“ಈ ನೀರು ಹೇಗೂ ನಮ್ಮೂರಿಗೆ ಬರುತ್ತದಲ್ಲವೆ? ಹೊತ್ತುಕೊಂಡು ಹೋಗುವುದೇಕೆ?” ಎಂದೆ.

“ಬರ್ತೈತ್ರಿ ಸರ್. ಆದ್ರ ಅವ್ವ ಹೊಳಿಗೆ ಹೋಗೂದಿಲ್ಲ, ಆವತ್ತಿನಿಂದ” ಎಂದು ಅವನು ಮುಚ್ಚಳವನ್ನು ಬಿಗಿಮಾಡಿದ.